ಹದಿನೇಳನೇ ಬಿಲ್ಲೆ

"ಹೊಟ್ಟೆ ತೋರಿಸ್ಬೇಕಂತೆ" ಅಂದಳು ಅಮ್ಮ.

ಅವಳ ಕೈಯಲ್ಲಿ ನೋಟೀಸಿತ್ತು. ಅಮ್ಮನಿಗೆ ಓದಲು ಬರುವುದಿಲ್ಲ. ಮೇಸ್ತ್ರಿ ಓದಿ ಹೇಳಿ ಕಳಿಸಿದ್ದ. ನಾನು ತೆಗೆದುಕೊಂಡು ಮತ್ತೊಮ್ಮೆ ಓದಿದೆ. ಚಿಕ್ಕ ಕುಟುಂಬ ಯೋಜನೆಯಲ್ಲಿ ಕ್ವಾರ್ಟರ್ಸ್ ಪಡೆದಿರುವ, ಆಸ್ಪತ್ರೆಯ ಬಟ್ಟೆ ವಿಭಾಗದ ಹೆಂಗಸರೆಲ್ಲ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಚೇರಿಯಲ್ಲಿ ಹಾಜರಿರಬೇಕು. ಲೇಡಿ ಡಾಕ್ಟರು ಆಪರೇಷನ್ನಿನ ಗುರುತು ಪರೀಕ್ಷೆ ಮಾಡುತ್ತಾರೆ. ಗುರುತಿದ್ದವರಿಗೆ ಮನೆಯ ಹಕ್ಕುಪತ್ರ. ಇಲ್ಲದವರು ತಿಂಗಳೊಳಗೆ ಖಾಲಿ ಮಾಡಬೇಕು. ಬೇರೆ ಕಡೆ ಸುಳ್ಳು ಸರ್ಟಿಫಿಕೇಟು ಕೊಟ್ಟವರು ಸಿಕ್ಕಿಬಿದ್ದಿದ್ದಾರಂತೆ. ಅದಕ್ಕೆ.

"ಇದರಲ್ಲೇನಿದೆ? ತೋರಿಸಿ ಬಾ. ಡಾಕ್ಟರೂ ಹೆಂಗಸೇ ಅಲ್ವಾ."

ನಮ್ಮದು ಒಂದೇ ಕೋಣೆ. ನಡುವೆ ಹಗ್ಗ ಕಟ್ಟಿ ಪರದೆ ಬಿಟ್ಟಿದ್ದೇವೆ. ಪರದೆ ಅಂದರೆ ಆಸ್ಪತ್ರೆಯಲ್ಲಿ ಹರಿದು ಬಿಸಾಕಿದ ಹೊದಿಕೆ. ಅದರಾಚೆ ಅಣ್ಣ, ಅತ್ತಿಗೆ. ಈಚೆ ನಾನು, ಅಮ್ಮ, ಸ್ಟೌವು, ನೀರಿನ ಡ್ರಮ್ಮು. ಅತ್ತಿಗೆಗೆ ಎಂಟು ತಿಂಗಳು. ಅಣ್ಣ ಕೆಲಸಕ್ಕೆ ಹೋಗಿದ್ದ. ಅಮ್ಮ ಪರದೆ ಸರಿಸಿ ನೋಡಿದಳು. ಅತ್ತಿಗೆ ಮಗ್ಗುಲಾಗಿ ಮಲಗಿ ನಿದ್ದೆ ಹೋಗಿದ್ದಳು. ಅಮ್ಮ ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತಳು. ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ, ಹೊಕ್ಕುಳ ಕೆಳಗೆ ಇಟ್ಟುಕೊಂಡಳು.

"ಹುಡುಕು."

ನನಗೆ ಇಪ್ಪತ್ತಮೂರು ವರ್ಷ. ಡಿಗ್ರಿ ಮುಗಿಸಿ ಒಂದು ಶಾಲೆಯಲ್ಲಿ ತಾತ್ಕಾಲಿಕ ಟೀಚರಾಗಿದ್ದೇನೆ. ಬುದ್ಧಿ ಬಂದ ಮೇಲೆ ಅಮ್ಮನ ಹೊಟ್ಟೆ ಮುಟ್ಟಿದ ನೆನಪಿಲ್ಲ. ಮಡಿಕೆ ಬಿದ್ದ ಮೆತ್ತನೆಯ ಚರ್ಮ. ನಮ್ಮಿಬ್ಬರನ್ನು ಹೊತ್ತ ಕಾಲದ ಬಿರುಕುಗಳು, ಉದ್ದುದ್ದಕ್ಕೆ. ಬೆರಳಾಡಿಸಿದೆ. ಹೊಲಿಗೆಯ ಗೆರೆಯಿಲ್ಲ. ಗಂಟಿಲ್ಲ.

"ಇಲ್ಲ" ಅಂದೆ.

"ಇಲ್ಲ" ಅಂದಳು ಅಮ್ಮ. "ಅದು ನಿನ್ನ ಚಿಕ್ಕಮ್ಮನ ಹೊಟ್ಟೇಲಿದೆ."

ಆಸ್ಪತ್ರೆಯ ಹಿಂದೆ, ಬಾಯ್ಲರಿನ ಪಕ್ಕದಲ್ಲಿ ಬಟ್ಟೆ ವಿಭಾಗ. ಅಲ್ಲಿಗೆ ಬರುವ ಬಟ್ಟೆಯನ್ನು ಮೊದಲು ತಣ್ಣೀರಿಗೆ ಹಾಕಬೇಕು. ಬಿಸಿನೀರಿಗೆ ಹಾಕಿದರೆ ರಕ್ತ ಕಚ್ಚಿಕೊಳ್ಳುತ್ತದೆ. ತೊಟ್ಟಿಯ ನೀರು ಕೆಂಪಾಗುತ್ತದೆ, ಆಮೇಲೆ ಕಂದು. ಅದರಲ್ಲಿ ಮೊಣಕೈವರೆಗೆ ಕೈ ಬಿಟ್ಟು ತಿಕ್ಕಬೇಕು. ಹತ್ತಿ, ದಾರ, ಕೆಲವು ಸಲ ಸೂಜಿ. ಕೆಲವು ಸಲ ಹೇಳಬಾರದ್ದು. ಆಮೇಲೆ ಸೋಡಾ ಹಾಕಿ ಕುದಿಸುವುದು. ಸೋಡಾ ಮೊದಲು ಉಗುರು ತಿನ್ನುತ್ತದೆ, ಆಮೇಲೆ ಬೆರಳ ಸಂದಿ. ಒದ್ದೆ ಚಾದರದ ಒಂದು ಗಂಟು ಎತ್ತಿದರೆ ಸೊಂಟ ಕಳಚುತ್ತದೆ. ಕಾಲು ಇಡೀ ದಿನ ನೀರಲ್ಲಿ. ಮೆಷಿನ್ ಎರಡಿದ್ದವು. ಒಂದು ಕೆಟ್ಟಿತ್ತು. ಇನ್ನೊಂದಕ್ಕೆ ರಕ್ತದ ಬಟ್ಟೆ ಹಾಕಬಾರದೆಂದು ಆಜ್ಞೆಯಿತ್ತು, ಮೆಷಿನ್ ಹಾಳಾಗುತ್ತದಂತೆ.

ಒಂದು ಜೀವ ಬೆಳಗಿನಿಂದ ಸಂಜೆಯವರೆಗೆ ಈ ಕೆಲಸ ಮಾಡಿದರೆ ಮೂರು ವರ್ಷಕ್ಕೆ ಮಲಗುತ್ತದೆ. ಇದು ಅಲ್ಲಿಯ ಹೆಂಗಸರಿಗೆ ಗೊತ್ತಿತ್ತು. ಅದಕ್ಕೆ ಅವರೇ ಒಂದು ದಾರಿ ಮಾಡಿಕೊಂಡಿದ್ದರು. ಪ್ರತಿ ಕೆಲಸಕ್ಕೂ ಒಂದು ಹಿತ್ತಾಳೆ ಬಿಲ್ಲೆ. ಅದರ ಮೇಲೆ ನಂಬರು. ಕೊರಳಿಗೆ ಹಾಕಿಕೊಂಡರೆ ಒಳಗೆ ಬಿಡುತ್ತಾರೆ. ಒಂದು ಬಿಲ್ಲೆಯನ್ನು ಮನೆಯ ಇಬ್ಬರು ಹೆಂಗಸರು ಹಂಚಿಕೊಳ್ಳುತ್ತಿದ್ದರು. ಅಕ್ಕತಂಗಿಯರು, ಅತ್ತೆ ಸೊಸೆ, ಓರಗಿತ್ತಿಯರು. ಮಧ್ಯಾಹ್ನ ಕಲ್ಲಿದ್ದಲ ರಾಶಿಯ ಹಿಂದೆ ಒಬ್ಬಳು ಬಿಲ್ಲೆ, ನೀಲಿ ನಿಲುವಂಗಿ ಕಳಚಿ ಕೊಡುವಳು, ಇನ್ನೊಬ್ಬಳು ಹಾಕಿಕೊಂಡು ಒಳಗೆ ಹೋಗುವಳು. ಮೇಸ್ತ್ರಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಅವನು ಹಾಜರಿ ಕೂಗುವಾಗ ಯಾರು ಬಂದಳು ಎಂದು ಕೇಳುತ್ತಿರಲಿಲ್ಲ. "ಹನ್ನೆರಡು ಬಂತಾ? ಹದಿಮೂರು ಬಂತಾ?" ಎಂದು ಕೇಳುತ್ತಿದ್ದ.

ನಮ್ಮ ಮನೆಯದು ಹದಿನೇಳು. ರಿಜಿಸ್ಟರಿನಲ್ಲಿ ಅಮ್ಮ. ಬೆಳಿಗ್ಗೆ ಅಮ್ಮ, ಮಧ್ಯಾಹ್ನದ ಮೇಲೆ ಚಿಕ್ಕಮ್ಮ. ಚಿಕ್ಕಮ್ಮ ಅಂದರೆ ಅಪ್ಪನ ತಮ್ಮನ ಹೆಂಡತಿ. ಆಗ ಅವಳಿಗೆ ಇಪ್ಪತ್ತು. ಮದುವೆಯಾಗಿ ಎಂಟು ತಿಂಗಳು. ನನಗೆ ಹನ್ನೆರಡು. ನಾವೆಲ್ಲ ಆಗ ರೈಲುಹಳಿಯ ಆಚೆ ತಗಡಿನ ಮನೆಯಲ್ಲಿ ಒಟ್ಟಿಗಿದ್ದೆವು.

ಆ ವರ್ಷ ಬಡತನ ಓಡಿಸುವ ಹೊಸ ಯೋಜನೆ ಬಂದಿತ್ತು. ಗೋಡೆಗೋಡೆಯ ಮೇಲೆ ಒಂದೇ ಚಿತ್ರ: ಗಂಡ, ಹೆಂಡತಿ, ಎರಡು ಮಕ್ಕಳು, ನಾಲ್ವರಿಗೂ ನಗು. ಆಪರೇಷನ್ ಮಾಡಿಸಿಕೊಂಡವಳಿಗೆ ಕೆಲಸ ಕಾಯಂ, ಕ್ವಾರ್ಟರ್ಸಿನಲ್ಲಿ ಕೋಣೆ, ಮಗಳಿಗೆ ಕಾಲೇಜು ಮುಗಿಯುವವರೆಗೆ ಫೀಸಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ, ಯಾರಿಗೂ ಬಲವಂತವಿಲ್ಲ. ಮೇಸ್ತ್ರಿಗೆ ಮಾತ್ರ ತಿಂಗಳಿಗೆ ಇಷ್ಟು ಹೆಂಗಸರನ್ನು ಕಳಿಸಬೇಕೆಂದು ಹೇಳಿದ್ದರು.

ಒಂದು ದಿನ ಮಧ್ಯಾಹ್ನ ಎರಡಕ್ಕೆ ಲಾರಿ ಬಂತು. ಮೇಸ್ತ್ರಿ ಪಟ್ಟಿ ಹಿಡಿದು ತೊಟ್ಟಿಗಳ ನಡುವೆ ನಿಂತ. ಎರಡು ಮಕ್ಕಳಾಗಿ ಇನ್ನೂ ಆಪರೇಷನ್ ಆಗದವರ ನಂಬರು ಓದಿದ. ಬರದವರು ನಾಳೆಯಿಂದ ಬರುವುದು ಬೇಡ ಅಂದ.

"ಹದಿನೇಳು."

ಚಿಕ್ಕಮ್ಮನ ಕೈ ತೊಟ್ಟಿಯಲ್ಲಿತ್ತು. ಪಕ್ಕದ ತೊಟ್ಟಿಯಲ್ಲಿ ಗಂಜಿಯಕ್ಕ ಇದ್ದಳು. ಬಟ್ಟೆಗೆ ಗಂಜಿ ಹಾಕುವುದರಲ್ಲಿ ಅವಳದು ಎತ್ತಿದ ಕೈ, ಅದಕ್ಕೆ ಆ ಹೆಸರು. ಅವಳು ಮೆಲ್ಲಗೆ ಅಂದಳಂತೆ, "ಹೇಳೇ. ನೀನು ಅವಳಲ್ಲ ಅಂತ ಹೇಳೇ, ಮಂಕೇ."

ಹೇಳಿದರೆ ಏನಾಗುತ್ತದೆಂದು ಚಿಕ್ಕಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತಿದ್ದದ್ದು ಬಾಯಿಗೆ ಬಂದರೆ ಮೇಸ್ತ್ರಿ ಸುಮ್ಮನಿರುವಂತಿಲ್ಲ. ಒಂದು ಬಿಲ್ಲೆಗೆ ಇಬ್ಬರು ಅಂತ ಬರೆಯಬೇಕಾಗುತ್ತದೆ. ಇಬ್ಬರ ಕೆಲಸವೂ ಹೋಗುತ್ತದೆ. ಅವಳು ಮೇಸ್ತ್ರಿಯ ಮುಖ ನೋಡಿದಳು. ಅವನೂ ನೋಡಿದ. ಆ ಹುಡುಗಿ ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಮದುವೆಯ ಊಟ ಉಂಡವನು. ಅವನು ಕಣ್ಣು ಪಟ್ಟಿಗೆ ಇಳಿಸಿದ.

"ಹದಿನೇಳು ಬಂತಾ?"

"ಬಂತು" ಅಂದಳು.

ಲಾರಿಯಲ್ಲಿ ಯಾರೋ ಹೇಳಿದರಂತೆ, ಇದೇನು ದೊಡ್ಡದಲ್ಲ, ಬೇಕಾದರೆ ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಸರಿ ಮಾಡಿಕೊಡ್ತಾರೆ ಅಂತ. ಅದನ್ನೇ ಹಿಡಿದುಕೊಂಡು ಕೂತಿದ್ದಳು. ಡಾಕ್ಟರ ಹತ್ತಿರ ಗುಟ್ಟಾಗಿ ಹೇಳಿಬಿಡಬೇಕು ಅಂತಲೂ ಅಂದುಕೊಂಡಿದ್ದಳು. ಒಂದು ಶಾಲೆಯ ಬೆಂಚುಗಳನ್ನು ಜೋಡಿಸಿದ್ದರು. ಡಾಕ್ಟರು ಅವಳ ಮುಖ ನೋಡಲಿಲ್ಲ. ಬಟ್ಟೆ ಸರಿಸಿದ ಜಾಗ ಮಾತ್ರ ನೋಡಿದರು. ಮುಗಿದ ಮೇಲೆ "ಮುಂದಿನದು" ಅಂದರು.

ಸಂಜೆ ಲಾರಿ ಅವಳನ್ನು ಹಳಿಯ ಹತ್ತಿರ ಇಳಿಸಿತು. ಒಂದು ಕಂಬಳಿ, ಒಂದು ಪ್ಲಾಸ್ಟಿಕ್ ಬಕೆಟ್ಟು ಕೊಟ್ಟಿದ್ದರು. ಅವಳು ಬಕೆಟ್ಟನ್ನು ಹೊಟ್ಟೆಗೆ ತಗಲದಂತೆ ದೂರ ಹಿಡಿದು, ಬಗ್ಗಿಕೊಂಡು ನಡೆದು ಬಂದಳು. ಬಾಗಿಲಲ್ಲಿ ಅಮ್ಮ ಇದ್ದಳು.

"ಅಕ್ಕಾ, ಬಿಲ್ಲೆ ತಂದಿದೀನಿ" ಅಂದಳಂತೆ. ಮೊದಲ ಮಾತು ಅದು. ಅದನ್ನು ಅಮ್ಮನ ಕೈಗೆ ಕೊಟ್ಟು ಹೊಸ್ತಿಲ ಮೇಲೆ ಕೂತಳು.

ಎರಡು ದಿನ ಅಮ್ಮ ಎರಡೂ ಹೊತ್ತು ದುಡಿದಳು. ಮೂರನೇ ದಿನ ಅಮ್ಮನಿಂದ ಆಗಲಿಲ್ಲ. ಚಿಕ್ಕಮ್ಮ ಹೋದಳು. ಒದ್ದೆ ಗಂಟು ಎತ್ತುವಾಗ ಹೊಲಿಗೆ ಬಿಚ್ಚಿಕೊಂಡಿತು. ಕೀವಾಯಿತು. ಎರಡು ತಿಂಗಳು ಮಾಯಲಿಲ್ಲ. ಕುದಿಯುವ ಸೋಡಾನೀರು ಬಿದ್ದು ಸುಟ್ಟಿದೆ ಅಂತ ಚಿಕ್ಕಪ್ಪನಿಗೆ ಹೇಳಿದರು. ನನಗೂ ಹಾಗೇ ಹೇಳಿದ್ದರು.

"ಅವನಿಗೆ ಯಾಕೆ ಹೇಳ್ಲಿಲ್ಲ?" ಅಂದೆ ಅಮ್ಮನಿಗೆ.

"ಅವನ ಬಾಯಿ ನಿನಗೆ ಗೊತ್ತಿಲ್ವಾ? ಊರಿಗೆಲ್ಲ ಸಾರ್ತಿದ್ದ. ಕಾಯಂ ಆಗೋವರೆಗೂ ಸುಮ್ನಿರು ಅಂತ ಕೈ ಮುಗಿದೆ ಅವಳಿಗೆ."

ಕಾಯಂ ಆಯಿತು. ಆಮೇಲೆ ಕೋಣೆ ಸಿಗುವವರೆಗೆ ಅಂದಳು. ಕೋಣೆ ಸಿಕ್ಕಿತು. ಆಮೇಲೆ ನನ್ನ ಹೈಸ್ಕೂಲು. ಆಮೇಲೆ ನನ್ನ ಕಾಲೇಜು.

ಇನ್ನೊಂದು ಮಾತನ್ನು ಅಮ್ಮ ಹೇಳಲಿಲ್ಲ. ನಾನೇ ಜೋಡಿಸಿಕೊಂಡೆ. ಆಪರೇಷನ್ ಆದವಳು ಬಸುರಾಗುವಂತಿಲ್ಲ. ಆ ವರ್ಷದಿಂದ ಅಮ್ಮ ಅಪ್ಪನ ಪಕ್ಕ ಮಲಗಿದ್ದನ್ನು ನಾನು ನೋಡಲಿಲ್ಲ. ನನಗೂ ಅಣ್ಣನಿಗೂ ನಡುವೆ ಮಲಗುತ್ತಿದ್ದಳು, ಎರಡು ಕೈಯಲ್ಲೂ ನಮ್ಮನ್ನು ಹಿಡಿದುಕೊಂಡು. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಅಪ್ಪ ಬಾಯ್ಲರಿನ ಹೊಗೆ ಕುಡಿದು ಕುಡಿದು ಐದು ವರ್ಷದ ಹಿಂದೆ ಸತ್ತ. ಕೊನೆಯವರೆಗೂ ಒಂದು ಮೂಲೆಯಲ್ಲಿ ಒಬ್ಬನೇ ಮಲಗಿದ.

ಅಮ್ಮ ಇದನ್ನೆಲ್ಲ ಹೇಳಿದ ದಿನ ನಾನು ರಾತ್ರಿ ಊಟ ಮಾಡಲಿಲ್ಲ. ಅತ್ತಿಗೆ ಕಾರಣ ಕೇಳಿದಳು. ತಲೆನೋವು ಅಂದೆ. ತಲೆನೋವಲ್ಲ. ನನಗೆ ನನ್ನ ಭಾಷಣ ನೆನಪಾಗಿತ್ತು.

ಹದಿನಾಲ್ಕನೇ ವರ್ಷದಲ್ಲಿ ನಾನು ಶಾಲೆಯಲ್ಲಿ ಒಂದು ಭಾಷಣ ಮಾಡಿದ್ದೆ. ವಿಷಯ, 'ಚಿಕ್ಕ ಕುಟುಂಬ ಮತ್ತು ಬಡತನ.' ಯೋಜನೆಯ ಫಲಾನುಭವಿ ಮಕ್ಕಳೇ ಮಾತಾಡಬೇಕು ಅಂತ ಹೆಡ್ಮಾಸ್ಟರು ನನ್ನನ್ನು ಆರಿಸಿದ್ದರು. ಒಂದು ವಾರ ಮನೆಯಲ್ಲಿ ಬಾಯಿಪಾಠ ಮಾಡಿದೆ. ಕೇಳುವವಳು ಚಿಕ್ಕಮ್ಮ. ಅವಳು ಬೆಳಗಿನ ಹೊತ್ತು ಮನೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತು ಕೈ ಎತ್ತಿ ಹೇಳುತ್ತಿದ್ದೆ: ಅಜ್ಞಾನದಿಂದ ಹೆಚ್ಚು ಮಕ್ಕಳನ್ನು ಹೆರುವುದೇ ನಮ್ಮ ಬಡತನಕ್ಕೆ ಕಾರಣ, ತಿಳಿವಳಿಕೆಯುಳ್ಳ ತಾಯಂದಿರು ಸ್ವಇಚ್ಛೆಯಿಂದ ಮುಂದೆ ಬರುತ್ತಿದ್ದಾರೆ, ನನ್ನ ತಾಯಿಯೇ ಅದಕ್ಕೆ ಸಾಕ್ಷಿ.

ಚಿಕ್ಕಮ್ಮನ ಇಸ್ತ್ರಿ ನಿಂತಿತು. ಬಟ್ಟೆ ಸುಟ್ಟ ವಾಸನೆ ಬಂತು. ಅವಳು ಥಟ್ಟನೆ ಎತ್ತಿದಳು. ಯಾರದೋ ಅಂಗಿ. ಬೆನ್ನಿನ ಮೇಲೆ ಕಂದು ಗುರುತು.

"ಸ್ವಇಚ್ಛೆ ಅಂದ್ರೇನು?" ಅಂದಳು.

"ತಾನಾಗೇ ಇಷ್ಟಪಟ್ಟು ಅಂತ."

"ಹೂಂ" ಅಂದಳು. ಸುಟ್ಟ ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟು ಬೇರೆಯದನ್ನು ಹರಡಿದಳು.

ನನಗೆ ಬಹುಮಾನ ಬಂತು. ಅದನ್ನು ಅವಳಿಗೇ ಮೊದಲು ತೋರಿಸಿದೆ.

ಚಿಕ್ಕಪ್ಪ ಕುಡಿದಾಗ, ಕುಡಿಯದಿದ್ದಾಗಲೂ, ಅವಳನ್ನು ಬರಡು ಅನ್ನುತ್ತಿದ್ದ. ನಾಲ್ಕು ಜನರೆದುರು ಅನ್ನುತ್ತಿದ್ದ. "ಅಣ್ಣನ ಮಕ್ಕಳ ಅಂಡು ತೊಳೆಯೋದೇ ನಿನ್ನ ಹಣೇಲಿ ಬರೆದಿರೋದು" ಅನ್ನುತ್ತಿದ್ದ. ಅಮ್ಮ ಸೌಟು ಹಿಡಿದು ಅಲ್ಲೇ ನಿಂತಿರುತ್ತಿದ್ದಳು. ನಾನು ಹೋಂವರ್ಕ್ ಮಾಡುತ್ತಿದ್ದೆ. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಚಿಕ್ಕಮ್ಮ ಹೇಳಲಿಲ್ಲ. ಆರು ವರ್ಷ ನೋಡಿ ಅವನು ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಅವನಿಗೀಗ ಮೂರು ಮಕ್ಕಳು.

ಅವನು ಹೋದ ಮೇಲೆ ಅವಳು ನಮ್ಮ ಕೋಣೆಯಲ್ಲಿರಲಿಲ್ಲ. ಜಾಗ ಸಾಲುವುದಿಲ್ಲ ಅಂದಳು. ಇಸ್ತ್ರಿ ಅಂಗಡಿಯ ಹಿಂದೆ ಒಂದು ಗೂಡು ಹಿಡಿದಳು. ಮಧ್ಯಾಹ್ನದ ಹದಿನೇಳು ಮಾತ್ರ ಇವತ್ತಿಗೂ ಅವಳೇ.

ಮಂಗಳವಾರ ಬೆಳಿಗ್ಗೆ ಅಮ್ಮ, ನಾನು ಅಲ್ಲಿಗೆ ಹೋದೆವು. ಅಮ್ಮ ರಜೆ ಹಾಕಿದ್ದಳು. ಹನ್ನೊಂದು ವರ್ಷದಲ್ಲಿ ಅವಳು ಹಾಕಿದ ಮೂರನೆಯದೋ ನಾಲ್ಕನೆಯದೋ ರಜೆ.

ಚಿಕ್ಕಮ್ಮ ಚಾದರ ಮಡಿಸುತ್ತಿದ್ದಳು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದ್ದೇ ಕೈ ನಿಲ್ಲಿಸಿದಳು.

"ಬನ್ನಿ ಬನ್ನಿ. ಏನು, ದಂಡೇ ಬಂದಿದೆ. ಕೂರೋಕೆ ಜಾಗ ಇದ್ರೆ ಕೂತ್ಕೊಳಿ, ಇಲ್ದಿದ್ರೆ ಒಬ್ರ ಮೇಲೊಬ್ರು ಕೂತ್ಕೊಳಿ."

ಚಹಾ ಕಾಯಿಸಿದಳು. ಲೋಟ ಎರಡೇ ಇದ್ದವು. ತಾನು ಪಾತ್ರೆಯಲ್ಲೇ ಕುಡಿದಳು. ಅಮ್ಮ ಲೋಟವನ್ನು ಎರಡು ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದಳು. ದಾರಿಯಲ್ಲಿ, "ನೀನೇ ಹೇಳು, ಓದಿದವಳು" ಅಂದಿದ್ದಳು.

ನಾನು ಹೇಳಿದೆ. ನೋಟೀಸು ಓದಿದೆ. ಅತ್ತಿಗೆಗೆ ಎಂಟು ತಿಂಗಳು ಅಂದೆ. ಈ ಕೋಣೆ ಬಿಟ್ಟರೆ ಮತ್ತೆ ಹಳಿಯಾಚೆ ತಗಡಿನ ಮನೆಯೇ ಗತಿ, ಈಗ ಅಲ್ಲಿ ನೀರೂ ಇಲ್ಲ ಅಂದೆ. ಅಮ್ಮನ ಕೆಲಸವೂ ಹೋಗಬಹುದು ಅಂದೆ. ನೀನು ನಮಗಾಗಿ ಮಾಡಿದ್ದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ, ಇನ್ನೊಂದೇ ಸಲ, ಹತ್ತು ನಿಮಿಷ, ಅಮ್ಮನ ಬಿಲ್ಲೆ ಹಾಕಿಕೊಂಡು ಒಳಗೆ ಹೋಗಿ ಬಂದರೆ ಎಲ್ಲರೂ ಉಳಿಯುತ್ತೇವೆ ಅಂದೆ. ನನ್ನ ದನಿ ನನಗೇ ಕೇಳುತ್ತಿತ್ತು. ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

"ಒಳ್ಳೆ ಮಾತಾಡ್ತೀಯ" ಅಂದಳು ಚಿಕ್ಕಮ್ಮ. "ಚಿಕ್ಕಂದಿನಿಂದ್ಲೂ."

ನಾನು ತಲೆ ತಗ್ಗಿಸಿದೆ.

"ಬರ್ತೀನಿ" ಅಂದಳು.

ಅಮ್ಮ ತಲೆಯೆತ್ತಿದಳು.

"ಬರ್ತೀನಿ, ಹೊಟ್ಟೆ ತೋರಿಸ್ತೀನಿ. ಆದ್ರೆ ಅಕ್ಕ ಆಗಿ ತೋರಿಸಲ್ಲ. ನಾನಾಗಿ ತೋರಿಸ್ತೀನಿ."

"ಹಾಗಂದ್ರೆ ಏನೇ?" ಅಂದಳು ಅಮ್ಮ. "ಮನೆ ಹೋಗುತ್ತಲ್ಲೇ."

"ಹೋಗ್ಲಿ ಅಂತ ನಾನು ಅನ್ನಲ್ಲ ಅಕ್ಕ. ಉಳಿಸ್ಕೊಡು ಅಂತ ನೀನು ಕೇಳ್ಬೇಡ."

"ಬಸುರಿ ಹುಡುಗಿ ಕಣೇ ಅವಳು. ಇಪ್ಪತ್ತೆರಡು ವರ್ಷ. ಏನೂ ತಿಳೀದ ಹೆಣ್ಣು."

"ಆಗ ನನಗೆ ಇಪ್ಪತ್ತು" ಅಂದಳು ಚಿಕ್ಕಮ್ಮ.

ಮುಂದುಗಡೆ ಅಂಗಡಿಯಲ್ಲಿ ಯಾರೋ ಬಟ್ಟೆಗೆ ನೀರು ಚಿಮುಕಿಸುವ ಸದ್ದು ಕೇಳುತ್ತಿತ್ತು. ಅಮ್ಮ ಅಳತೊಡಗಿದಳು. ಚಿಕ್ಕಮ್ಮ ಎದ್ದು ಅವಳ ಕೈಯಿಂದ ಲೋಟ ತೆಗೆದುಕೊಂಡಳು, ಚೆಲ್ಲದಿರಲಿ ಅಂತ. ಕಣ್ಣೊರೆಸಲಿಲ್ಲ.

"ಅವನು ಬರಡು ಅಂದಾಗ ನೀನು ಅಲ್ಲೇ ಇರ್ತಿದ್ದೆ ಅಕ್ಕ" ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. "ನೀನು ಅವನಿಗೆ ಹೇಳ್ಬೇಕು ಅಂತ ನಾನು ಕಾಯ್ತಿರ್ಲಿಲ್ಲ. ನಿನ್ನ ಸಂಕಟ ನನಗೆ ಗೊತ್ತು. ಅವನು ಆಚೆ ಹೋದ್ಮೇಲೆ ನನ್ನ ಹತ್ರ ಬಂದು ಒಂದು ಮಾತು ಆಡ್ತೀಯಾ ಅಂತ ಕಾಯ್ತಿದ್ದೆ. ನೀನು ಅನ್ನಕ್ಕಿಡೋಕೆ ಹೋಗ್ತಿದ್ದೆ."

ವಾಪಸು ಬರುವಾಗ ಅಮ್ಮ ಒಂದೇ ಮಾತಾಡಿದಳು. "ಗುರುವಾರದ ಹೊತ್ತಿಗೆ ಮನಸ್ಸು ಬದಲಾಯಿಸ್ತಾಳೆ. ಅವಳು ಒಳ್ಳೆಯವಳು."

ಗುರುವಾರ ಕಚೇರಿಯ ಹೊರಗೆ ಉದ್ದನೆಯ ಬೆಂಚು ತುಂಬಿತ್ತು. ಕೂರಲು ಜಾಗವಿಲ್ಲದವರು ಗೋಡೆಗೆ ಒರಗಿದ್ದರು. ಎಲ್ಲರ ಕೊರಳಲ್ಲೂ ಬಿಲ್ಲೆ. ಎಲ್ಲರಿಂದಲೂ ಸೋಡಾದ ವಾಸನೆ. ಅದು ಎಷ್ಟು ಸ್ನಾನ ಮಾಡಿದರೂ ಹೋಗುವುದಿಲ್ಲ. ಗಂಜಿಯಕ್ಕ ಒಬ್ಬಳೇ ಜೋರಾಗಿದ್ದಳು.

"ನನ್ನ ಹೊಟ್ಟೆ ನೋಡೋಕೆ ಇಷ್ಟು ದೊಡ್ಡೋರೆಲ್ಲ ಬರ್ತಾರೆ ಅಂತ ಗೊತ್ತಿದ್ರೆ ಸ್ವಲ್ಪ ಇಸ್ತ್ರಿ ಹಾಕಿಸ್ಕೊಂಡು ಬರ್ತಿದ್ದೆ ಕಣ್ರೇ. ನನ್ನ ಗಂಡನೇ ನೋಡಿ ಎಷ್ಟು ವರ್ಷ ಆಯ್ತೋ!"

ಹೆಂಗಸರು ನಕ್ಕರು. ಅವಳು ಚಿಕ್ಕಮ್ಮನನ್ನು ನೋಡಿ ನಗು ನಿಲ್ಲಿಸಿದಳು. ಚಿಕ್ಕಮ್ಮನ ಕೊರಳಲ್ಲಿ ಬಿಲ್ಲೆಯಿರಲಿಲ್ಲ. ಅದು ಅಮ್ಮನ ಕೊರಳಲ್ಲಿತ್ತು. ಇಬ್ಬರೂ ಒಟ್ಟಿಗೆ ಬಂದಿದ್ದನ್ನು ಆಸ್ಪತ್ರೆಯಲ್ಲಿ ಯಾರೂ ಇದುವರೆಗೆ ನೋಡಿರಲಿಲ್ಲ. ಮೇಸ್ತ್ರಿ ದೂರದಲ್ಲಿ ನಿಂತಿದ್ದವನು ನಮ್ಮನ್ನು ನೋಡಿ ಬೀಡಿ ಸೇದುವ ನೆವ ಮಾಡಿಕೊಂಡು ಹೊರಗೆ ಹೋದ.

"ಹದಿನೇಳು!"

ಮೂವರೂ ಎದ್ದೆವು.

"ಒಬ್ರು ಸಾಕು" ಅಂದ ಗುಮಾಸ್ತ. ಅಷ್ಟರಲ್ಲಿ ನಾವು ಒಳಗಿದ್ದೆವು.

ಒಂದು ಮೇಜು. ಅದರ ಹಿಂದೆ ಅಧಿಕಾರಿ. ಮೂಲೆಯಲ್ಲಿ ಹಸಿರು ಬಟ್ಟೆಯ ಮರೆ, ಅದರ ಹಿಂದೆ ಡಾಕ್ಟರು. ಚಿಕ್ಕಮ್ಮ ಯಾರನ್ನೂ ಕೇಳದೆ ನೇರವಾಗಿ ಮರೆಯ ಹಿಂದೆ ಹೋದಳು. ಡಾಕ್ಟರ ದನಿ ಕೇಳಿತು.

"ಇದೇನಮ್ಮಾ ಇದು? ಯಾರು ಹೊಲಿದಿದ್ದು? ಇಷ್ಟುದ್ದ?"

"ಒಂದ್ಸಲ ಅವರು ಹೊಲಿದ್ರು. ಬಿಚ್ಕೊಂಡ ಮೇಲೆ ತಾನೇ ಕೂಡ್ಕೊಂಡಿದ್ದು."

"ಸರಿ. ಇದೆ. ಬರ್ಕೊಳಿ."

ಗುಮಾಸ್ತ ಓದುತ್ತಾ ಗುರುತು ಹಾಕಿದ. "ಹದಿನೇಳು. ವಯಸ್ಸು ನಲವತ್ತೈದು. ಆಪರೇಷನ್ ಆದಾಗ ಬದುಕಿದ್ದ ಮಕ್ಕಳು, ಎರಡು. ಗುರುತು ಇದೆ." ಹಾಳೆಯನ್ನು ಮೇಜಿನಂಚಿಗೆ ತಳ್ಳಿದ. "ಸಹಿ."

ಚಿಕ್ಕಮ್ಮ ಬಟ್ಟೆ ಸರಿಮಾಡಿಕೊಳ್ಳುತ್ತಾ ಹೊರಗೆ ಬಂದಳು. "ನಲವತ್ತೈದಲ್ಲ, ಮೂವತ್ತೊಂದು. ಮಕ್ಕಳು ಎರಡಲ್ಲ. ಇರ್ಲಿಲ್ಲ."

ಗುಮಾಸ್ತನಿಗೆ ಅರ್ಥವಾಗಲಿಲ್ಲ. ಅಧಿಕಾರಿಗೆ ಆಯಿತು. ಅವನು ಚಿಕ್ಕಮ್ಮನನ್ನು ನೋಡಿದ. ಅಮ್ಮನ ಕೊರಳನ್ನು ನೋಡಿದ. ಎದ್ದು ಹೋಗಿ ಬಾಗಿಲು ಮುಚ್ಚಿದ. ಕೆಟ್ಟ ಮನುಷ್ಯನ ಹಾಗೆ ಕಾಣುತ್ತಿರಲಿಲ್ಲ. ಸುಸ್ತಾಗಿದ್ದ.

"ನೋಡಿ" ಅಂದ. "ಫೈಲಲ್ಲಿ ಆಪರೇಷನ್ ಆಗಿದೆ ಅಂತಿದೆ. ಡಾಕ್ಟ್ರು ಗುರುತು ಇದೆ ಅಂದ್ರು. ನನಗೆ ಅಷ್ಟು ಸಾಕು. ನೀನು ಈಗ ಹೇಳಿದ್ದು ನನಗೆ ಕೇಳಿಸಿಲ್ಲ. ಸಹಿ ಹಾಕಿ ಪತ್ರ ತಗೊಂಡು ಹೋಗಿ."

ಅಮ್ಮ ಉಸಿರು ಬಿಟ್ಟಳು. ಪೆನ್ನು ಎತ್ತಿಕೊಂಡಳು. ಸಹಿ ಹಾಕುವುದನ್ನು ನಾನೇ ಅವಳಿಗೆ ಕಲಿಸಿದ್ದೆ.

"ಮತ್ತೆ ನನ್ನದು?" ಅಂದಳು ಚಿಕ್ಕಮ್ಮ.

"ನಿನಗೇನಮ್ಮ ಬೇಕು? ಬೇರೆ ಬಿಲ್ಲೆ ಕೊಡಿಸ್ಲಾ? ಮೇಸ್ತ್ರಿಗೆ ಹೇಳ್ತೀನಿ."

"ಬಿಲ್ಲೆ ಬೇಡ. ಎರಡು ಅಂತ ಇದ್ಯಲ್ಲ ಅಲ್ಲಿ. ಅದನ್ನ ಹೊಡೆದು ಇಲ್ಲ ಅಂತ ಬರೀರಿ."

"ಸೊನ್ನೆ ಬರೆದ್ರೆ ಕಂಪ್ಯೂಟರೇ ತಗೊಳ್ಳಲ್ಲ" ಅಂದ ಗುಮಾಸ್ತ. "ಮಕ್ಕಳಿಲ್ದೋರಿಗೆ ಈ ಯೋಜನೆ ಇಲ್ವೇ ಇಲ್ಲ."

"ಇಲ್ವಲ್ಲ" ಅಂದಳು ಚಿಕ್ಕಮ್ಮ. "ನಾನೂ ಅದನ್ನೇ ಹೇಳ್ತಿರೋದು."

ಅಧಿಕಾರಿ ಹಣೆ ತಿಕ್ಕಿಕೊಂಡ. "ಬರೆದ್ರೆ ಏನಾಗುತ್ತೆ ಗೊತ್ತಾ? ಬೇರೆಯವರ ಹೆಸರಲ್ಲಿ ಆಪರೇಷನ್ ಮಾಡಿಸ್ಕೊಂಡಿದೀಯ. ಮೋಸ ಅದು. ಇವರ ಮನೆ ಹೋಗುತ್ತೆ, ನಿನ್ನ ಮೇಲೆ ಕೇಸಾಗುತ್ತೆ."

"ಮಾಡಿಸ್ಕೊಂಡೆನಾ?" ಅಂದಳು. ಅವನ ಮೇಜಿಗೆ ಎರಡೂ ಕೈ ಊರಿದಳು. ಉಗುರಿಲ್ಲದ ಬೆರಳುಗಳು. "ಸ್ವಾಮಿ, ನನ್ನ ಮುಖ ನೋಡಿ ಹೇಳಿ. ನಾನು ಮಾಡಿಸ್ಕೊಂಡೆನಾ?"

ಅವನು ಮುಖ ನೋಡಲಿಲ್ಲ. ಮರೆಯ ಹಿಂದೆ ಡಾಕ್ಟರು ಕೈ ತೊಳೆಯುತ್ತಿದ್ದರು. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿತು.

"ಸಹಿ ಹಾಕಮ್ಮ ನೀನು" ಅಂದ ಅವನು ಅಮ್ಮನಿಗೆ.

ಅಮ್ಮ ಬಗ್ಗಿದಳು. ಪೆನ್ನಿನ ಮೊನೆ ಹಾಳೆಗೆ ತಾಗಿತು. ನಾನು ಅವಳ ಪಕ್ಕದಲ್ಲಿದ್ದೆ. ಹಾಳೆ ನನಗೂ ಕಾಣುತ್ತಿತ್ತು. ಚೌಕದೊಳಗೆ ಎರಡು ಎಂಬ ಅಂಕಿ. ಅದರಲ್ಲಿ ಒಂದು ಅಣ್ಣ. ಇನ್ನೊಂದು ನಾನು. ಪರದೆಯ ಹಿಂದೆ ಮಗ್ಗುಲಾಗಿ ಮಲಗಿದ್ದ ಅತ್ತಿಗೆ ಕಣ್ಣಿಗೆ ಬಂದಳು. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ಅವಳಿಗೆ ನಾನೇ ಹೇಳಬೇಕಾಗುತ್ತದೆ.

ಅಮ್ಮನ ಬೆರಳ ಸಂದಿಯಿಂದ ಪೆನ್ನು ತೆಗೆದುಕೊಂಡೆ. ಅವಳು ಗಟ್ಟಿಯಾಗಿ ಹಿಡಿದಿದ್ದಳು. ಎಳೆಯಬೇಕಾಯಿತು.

"ಬೇಡ ಕಣೇ" ಅಂದಳು ಅಮ್ಮ. "ನಿನ್ನ ದಮ್ಮಯ್ಯ."

ಎರಡನ್ನು ಹೊಡೆದು ಹಾಕಿದೆ. ಪಕ್ಕದಲ್ಲಿ ಸೊನ್ನೆ ಬರೆದೆ. ಕೆಳಗೆ ಜಾಗವಿತ್ತು. ಬರೆದೆ: 'ಆ ದಿನ ಈಕೆಗೆ ಇಪ್ಪತ್ತು ವರ್ಷ. ಮಕ್ಕಳಿರಲಿಲ್ಲ. ಯಾರೂ ಕೇಳಲಿಲ್ಲ. ಕರೆದುಕೊಂಡು ಹೋದವರಿಗೆ ಗೊತ್ತಿತ್ತು.' ಅದರ ಕೆಳಗೆ ನನ್ನ ಸಹಿ.

"ಏನ್ ಹುಡುಗಿ ನೀನು!" ಅಧಿಕಾರಿ ಎದ್ದು ನಿಂತ. "ಓದಿದವಳು ಅಲ್ವಾ? ನಿನ್ನ ತಾಯಿಯನ್ನ ಬೀದಿಗೆ ಹಾಕ್ತಿದೀಯಲ್ಲ!"

"ಹೌದು" ಅಂದೆ.

ಅವನು ಹಾಳೆ ಕಿತ್ತುಕೊಂಡು ಗುಮಾಸ್ತನ ಕಡೆ ಎಸೆದ. "ಹಾಳಾಯ್ತು ಇದು. ಬೇರೆ ಬರಿ."

ಗುಮಾಸ್ತನ ಪಕ್ಕದಲ್ಲಿ ಖಾಲಿ ಹಾಳೆಗಳ ಕಟ್ಟಿತ್ತು. ಅವನು ಮೇಲಿನದನ್ನು ತೆಗೆದ. ಹದಿನೇಳು ಎಂದು ಬರೆದ. ವಯಸ್ಸು ನಲವತ್ತೈದು ಎಂದು ಬರೆದ. ಚೌಕದ ಹತ್ತಿರ ಬಂದಾಗ ಚಿಕ್ಕಮ್ಮ ತನ್ನ ಅಂಗೈಯನ್ನು ಹಾಳೆಯ ಮೇಲೆ ಇಟ್ಟಳು.

"ಕೈ ತೆಗಿಯಮ್ಮ."

ತೆಗೆಯಲಿಲ್ಲ.

"ಕೈ ತೆಗೀ ಅಂದೆ."

"ಬರೀ ಅದರ ಮೇಲೇ" ಅಂದಳು. "ಚರ್ಮ ಗಟ್ಟಿ ಇದೆ."

ಅವನು ಅಧಿಕಾರಿಯನ್ನು ನೋಡಿದ. ಅಧಿಕಾರಿ ಬಾಗಿಲು ತೆರೆದು ಕೂಗಿದ. "ಹದಿನೆಂಟು! ಬನ್ನಿ ಬನ್ನಿ, ಹೊತ್ತಾಗ್ತಿದೆ. ಇವರನ್ನ ಆಚೆ ಕಳಿಸಿ."

ಹದಿನೆಂಟು ಗಂಜಿಯಕ್ಕ. ಬಾಗಿಲಿಗೆ ಬಂದಳು. ಮೇಜನ್ನು ನೋಡಿದಳು, ಹಾಳೆಯ ಮೇಲಿನ ಕೈ ನೋಡಿದಳು. ಹೊರಗೆ ಹೆಂಗಸರ ಮಾತು ನಿಂತಿತ್ತು. ಅವರಿಗೆಲ್ಲ ಎಷ್ಟು ಕೇಳಿಸಿತ್ತೋ ಗೊತ್ತಿಲ್ಲ.

"ಹದಿನೇಳರದ್ದು ಮೊದಲು ಮುಗೀಲಿ" ಅಂದಳು. ಒಳಗೆ ಬರಲಿಲ್ಲ. ಹೊಸ್ತಿಲಿಗೆ ಅಡ್ಡವಾಗಿ ಕೂತಳು. ಅವಳನ್ನು ದಾಟದೆ ಯಾರೂ ಒಳಗೆ ಬರುವಂತಿರಲಿಲ್ಲ, ಹೊರಗೆ ಹೋಗುವಂತಿರಲಿಲ್ಲ.

ನಾನು ಅಮ್ಮನ ಕಡೆ ತಿರುಗಿದೆ. ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. "ಅಮ್ಮಾ" ಅಂದೆ. ನನ್ನ ಕಡೆ ನೋಡಲಿಲ್ಲ. ಗಂಜಿಯಕ್ಕ ಪಕ್ಕಕ್ಕೆ ಸರಿದು, "ಅಕ್ಕಾ, ನೀನು ಹೋಗೋದಾದ್ರೆ ಹೋಗು" ಅಂದಳು.

ಅಮ್ಮ ಹೋಗಲೂ ಇಲ್ಲ.